ಜರ್ಮನ್ ಪಾದ್ರಿಗಳ ಕನ್ನಡ ಸಾಲಿ

ಜೂನ್ ಬಂತೆಂದರೆ ನಮ್ಮೂರು ಮೊರಬದಲ್ಲಿ ಎಲ್ಲರ ಕಣ್ಣು ಎರಡು ಕಡೆ. ಮುಗಿಲಿನ ಕಡೆ ಒಂದು, ಸಾಲಿಯ ಕಡೆ ಇನ್ನೊಂದು. ಎರೆ ಹೊಲ ಹದಕ್ಕೆ ಬಂದು ಹೆಸರು ಬಿತ್ತುವ ಹೊತ್ತಿಗೇ ಗೋಡೆಗಳ ಮೇಲೆ ಶಾಲೆಗಳ ಜಾಹೀರಾತು ಎದ್ದಿರುತ್ತದೆ. ಇಂಗ್ಲಿಷ್ ಮಾಧ್ಯಮ, ವ್ಯಾನ್ ಸೌಲಭ್ಯ, ಕಂಪ್ಯೂಟರ್, ಕೊನೆಗೊಂದು ಸಾಲು: ‘ಮೌಲ್ಯಾಧಾರಿತ ಶಿಕ್ಷಣ’. ಒಮ್ಮೆ ಅದನ್ನು ಅಕ್ಷರ ಕೂಡಿಸಿ ಓದಿದ ಹಿರಿಯರೊಬ್ಬರು ನನ್ನ ಕಡೆ ತಿರುಗಿ, “ಮೌಲ್ಯ ಅಂದ್ರ ಏನ್ರಿ, ಫೀ ಏನು?” ಎಂದು ಕೇಳಿದ್ದರು. ಅಲ್ಲಿದ್ದವರೆಲ್ಲ ನಕ್ಕೆವು. ಆದರೆ ಅಜ್ಜ ತಪ್ಪು ಹೇಳಿರಲಿಲ್ಲ. ನಮ್ಮ ಭಾಷೆಯಲ್ಲಿ ಮೌಲ್ಯವೆಂದರೆ ಬೆಲೆಯೂ ಹೌದಲ್ಲ.

ಸರಕಾರದ್ದಲ್ಲದ, ಊರ ಅಯ್ಯನವರ ಮಠದ್ದೂ ಅಲ್ಲದ, ತನ್ನದೇ ನಂಬಿಕೆ ಮತ್ತು ನಿಯಮಗಳನ್ನಿಟ್ಟುಕೊಂಡ ಖಾಸಗಿ ಶಾಲೆ ಎಂಬುದು ನಮ್ಮ ಸೀಮೆಗೆ ಹೇಗೆ ಬಂತು ಎಂದು ಹುಡುಕುತ್ತ ಹೋದರೆ ದಾರಿ ಧಾರವಾಡ ಮುಟ್ಟುತ್ತದೆ. ಅಲ್ಲಿ ಇಂದಿಗೂ ಬಾಸೆಲ್ ಮಿಶನ್ ಹೆಸರಿನ ಹೈಸ್ಕೂಲಿದೆ, ಕಿಟೆಲ್ ಹೆಸರಿನ ಕಾಲೇಜಿದೆ. ಮೊರಬದಿಂದ ಬಸ್ಸಿನಲ್ಲಿ ಹೋಗಿ ಸಂಜೆಗೆ ವಾಪಸಾಗುವ ದೂರ. ಬಂಡಿಯ ಕಾಲದಲ್ಲಿ ಮಾತು ಬೇರೆ. ಮಳೆ ಹಿಡಿಯಿತೆಂದರೆ ಎರೆಮಣ್ಣು ಗಾಲಿ ಬಿಡುತ್ತಿರಲಿಲ್ಲ. ತುಪ್ಪರಿಹಳ್ಳ ತುಂಬಿದರೆ ಆಚೆಯವರು ಆಚೆ, ಈಚೆಯವರು ಈಚೆ.

ಬಾಸೆಲ್ ಎಂಬುದು ಸ್ವಿಟ್ಜರ್ಲೆಂಡಿನ ಒಂದು ಊರು. 1815ರಲ್ಲಿ ಅಲ್ಲಿ ಹುಟ್ಟಿದ ಮಿಶನ್ನಿಗೆ ಆಳುಗಳು ಬರುತ್ತಿದ್ದದ್ದು ಹೆಚ್ಚಾಗಿ ಹತ್ತಿರದ ಜರ್ಮನ್ ನಾಡು ವುರ್ಟೆಂಬರ್ಗಿನಿಂದ. ಹಾಗಾಗಿ ಇಲ್ಲಿನ ಜನರ ಬಾಯಲ್ಲಿ ಅದು ‘ಜರ್ಮನ್ ಮಿಶನ್’ ಆಯಿತು. ಬಂದವರಲ್ಲಿ ಬಹಳಷ್ಟು ಮಂದಿ ರೈತರ, ನೇಕಾರರ, ಕಸುಬುದಾರರ ಮಕ್ಕಳು. ಈಸ್ಟ್ ಇಂಡಿಯಾ ಕಂಪನಿಯ ಸನದು 1833ರಲ್ಲಿ ಹೊಸದಾದಾಗ ಬ್ರಿಟಿಷರಲ್ಲದ ಮಿಶನರಿಗಳಿಗೂ ಬಾಗಿಲು ತೆರೆಯಿತು. ಮರುವರ್ಷ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದು ಸೇರಿದರು. ಅಲ್ಲಿಂದ ಘಟ್ಟ ಹತ್ತಿ ಧಾರವಾಡಕ್ಕೆ ಬಂದು ಠಾಣ್ಯ ಹೂಡಿದ್ದು 1837ರಲ್ಲಿ. 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗಿನ ಬೆಟಗೇರಿ.

ಈ ಪಾದ್ರಿಗಳಿಗೆ ಶಾಲೆ ಯಾಕೆ ಬೇಕಿತ್ತು? ಉತ್ತರ ಅವರ ಧರ್ಮದಲ್ಲೇ ಇತ್ತು. ಅವರದು ಪಯಟಿಸ್ಟ್ ಪಂಥ. ದೇವರ ವಾಕ್ಯವನ್ನು ಪ್ರತಿಯೊಬ್ಬರೂ ತಾವೇ ಓದಬೇಕು, ಪುರೋಹಿತ ಓದಿದ್ದನ್ನು ಕೇಳಿದರೆ ಸಾಲದು ಎಂಬ ಹಟ ಅವರದು. ಹಾಗಿದ್ದ ಮೇಲೆ ಗಂಡಸಿರಲಿ ಹೆಂಗಸಿರಲಿ, ಓದು ಬರದವರು ಅರ್ಧ ಕ್ರೈಸ್ತರೇ. ಎಲ್ಲಿ ಪ್ರಾರ್ಥನಾಲಯವೋ ಅಲ್ಲಿ ಪಕ್ಕಕ್ಕೇ ಒಂದು ಶಾಲೆ. ಎರಡನೆಯ ಹಟ ದುಡಿಮೆಯದು. ಕೂತು ಉಣ್ಣುವುದು ಪಾಪ, ಕೈಕೆಲಸ ಪೂಜೆಗೆ ಸಮ. ಮಂಗಳೂರಿನ ನೇಯ್ಗೆ ಕಾರ್ಖಾನೆ, 1865ರ ಹೆಂಚಿನ ಕಾರ್ಖಾನೆ ಎಲ್ಲವೂ ಈ ಬೇರಿನವೇ. ಕಾಯಕದ ಮಾತು ಏಳು ನೂರು ವರ್ಷಗಳಿಂದ ಓಡಾಡಿದ ನೆಲದಲ್ಲಿ ಇದು ಹೊಸ ಉಪದೇಶವೇನಲ್ಲ. ಆದರೆ ಬಿಳಿಯ ಸಾಹೇಬನೊಬ್ಬ ತಾನೇ ಮರ ಕೊಯ್ಯುವುದನ್ನೋ ಗೋಡೆ ಕಟ್ಟುವುದನ್ನೋ ಜನ ಎಲ್ಲಿ ನೋಡಿದ್ದರು?

ಈ ಹುರುಪು ಮೊದಲ ಸಲ ಮುಗ್ಗರಿಸಿದ್ದೂ ನಮ್ಮ ಸೀಮೆಯಲ್ಲಿಯೇ. ಹುಬ್ಬಳ್ಳಿ-ಗದಗಿನ ಆಸುಪಾಸು ಕಾಲಜ್ಞಾನವನ್ನು ನಂಬಿದ ಜನರಿದ್ದರು. ಪಡುವಣದಿಂದ ಯಾರೋ ಬಂದು ಧರ್ಮವನ್ನು ಮತ್ತೆ ನಿಲ್ಲಿಸುತ್ತಾರೆ ಎಂಬುದು ಅವರ ನಂಬಿಕೆ. ಪಡುವಣದಿಂದಲೇ ಬಂದಿದ್ದ ಪಾದ್ರಿಗಳು ಹಿಗ್ಗಿದರು. ಸಾವಿರಾರು ಜನ ಒಟ್ಟಿಗೆ ಬರುತ್ತಾರೆಂದು ನೆಚ್ಚಿಕೊಂಡು 1841ರಲ್ಲಿ ಗದಗಿನ ಹತ್ತಿರ ಮಲಸಮುದ್ರದಲ್ಲಿ ಜಮೀನು ಹಿಡಿದು, ಹೊಸ ಕ್ರೈಸ್ತರಿಗಾಗಿ ಒಕ್ಕಲುತನದ ಕಾಲನಿ ಕಟ್ಟತೊಡಗಿದರು. ನೇಗಿಲು ಬಂತು, ಮನೆ ಎದ್ದಿತು, ಜನ ಮಾತ್ರ ಬರಲಿಲ್ಲ. ಭವಿಷ್ಯ ನುಡಿದವರಿಗೂ ಅದನ್ನು ಕೇಳಿ ನೆಲ ಕೊಂಡವರಿಗೂ ಅರ್ಥ ಬೇರೆ ಬೇರೆ ಆಗಿತ್ತು. ಮಲಸಮುದ್ರದ ಸೋಲಿನ ಮುಂದೆ ಶಾಲೆಯ ಕೆಲಸ ನಿಧಾನದ್ದಾದರೂ ನಂಬಿಕಸ್ತವಾಗಿ ಕಂಡಿರಬೇಕು.

ಶಾಲೆಯೆಂಬುದು ಇಲ್ಲಿಗೆ ಹೊಸದಾಗಿರಲಿಲ್ಲ. ಹಳ್ಳಿಗಳಲ್ಲಿ ಗಾಂವಠಿ ಸಾಲಿಗಳಿದ್ದವು. ಗುಡಿಯ ಕಟ್ಟೆ, ಮಠದ ಪಡಸಾಲೆ, ಇಲ್ಲವೇ ಗೌಡರ ಮನೆಯ ಹೊರಜಗಲಿ. ನೆಲಕ್ಕೆ ಮರಳು ಹರವಿ ಬೆರಳಿನಲ್ಲಿ ಅಕ್ಷರ ತಿದ್ದುವುದು, ಕಾಲು ಅರೆ ಮುಕ್ಕಾಲಿನ ಮಗ್ಗಿಯನ್ನು ಒಕ್ಕೊರಲಿನಿಂದ ಒದರುವುದು, ಆಮೇಲೆ ಕುಲಕರ್ಣಿಕಿಗೆ ಬೇಕಾದ ಮೋಡಿ ಲಿಪಿ. ಮಾಸ್ತರರಿಗೆ ಸುಗ್ಗಿಯಲ್ಲಿ ಜೋಳ. ಅಮವಾಸ್ಯೆ, ಹುಣ್ಣಿಮೆ, ಪಾಡ್ಯಕ್ಕೆ ರಜೆ. ಪಾದ್ರಿಗಳ ಸಾಲಿ ಈ ಲೆಕ್ಕವನ್ನೇ ಬುಡಮೇಲು ಮಾಡಿತು. ಅಲ್ಲಿ ರಜೆ ಚಂದ್ರನನ್ನು ನೋಡಿ ಕೊಡುವುದಲ್ಲ, ಭಾನುವಾರ ನೋಡಿ ಕೊಡುವುದು. ಬಿಸಿಲು ಜಗಲಿಗೆ ಬಂದಾಗ ಶುರುವಾಗುವ ಪಾಠವಲ್ಲ, ಗಂಟೆ ಹೊಡೆದಾಗ ಶುರುವಾಗುವ ಪಾಠ. ಮೊದಲು ಪ್ರಾರ್ಥನೆ, ಹಾಡು, ಬೈಬಲಿನ ಕತೆ. ಆಮೇಲೆ ಓದು, ಬರಹ, ಲೆಕ್ಕ, ಭೂಗೋಳ. ಭೂಗೋಳ ಕಲಿತ ಹುಡುಗ ಮನೆಗೆ ಹೋಗಿ ಭೂಮಿ ಗುಂಡಗಿದೆ ಎಂದು ಅಜ್ಜಿಗೆ ಹೇಳಿದರೆ, ಬೈಬಲಿನ ಕತೆಗಿಂತ ಅದೇ ಹೆಚ್ಚು ಗದ್ದಲ ಎಬ್ಬಿಸಬಲ್ಲದಾಗಿತ್ತು.

ಊರ ಜನ ಮಕ್ಕಳನ್ನು ಕಳಿಸಿದ್ದು ಬೈಬಲಿಗಾಗಿ ಅಲ್ಲ ಎಂಬುದು ಪಾದ್ರಿಗಳಿಗೂ ಗೊತ್ತಿತ್ತು. 1818ರಿಂದ ಧಾರವಾಡ ಇಂಗ್ಲಿಷರ ಕೈಯಲ್ಲಿತ್ತು. ಕಲೆಕ್ಟರ ಕಚೇರಿ, ಕೋರ್ಟು, ಆಮೇಲೆ ಹತ್ತಿಯ ವ್ಯವಹಾರ. 1840ರ ದಶಕದಲ್ಲಿ ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಅಮೆರಿಕದ ಹತ್ತಿಬೀಜ ಬಿತ್ತಿ ನೋಡಿದರು. ಇಪ್ಪತ್ತು ವರ್ಷ ಕಳೆಯುವುದರೊಳಗೆ ಅಮೆರಿಕದ ಅಂತರ್ಯುದ್ಧದಿಂದಾಗಿ ಧಾರವಾಡದ ಹತ್ತಿಗೆ ಬಂಗಾರದ ಬೆಲೆ ಬಂತು. ಇಂಗ್ಲಿಷ್ ಬಲ್ಲವನಿಗೆ ಕಾರಕೂನಿಕೆ, ಕಾರಕೂನನಿಗೆ ಸಂಬಳ, ಸಂಬಳಗಾರನಿಗೆ ಹೆಣ್ಣು. ತಂದೆತಾಯಿಯ ಲೆಕ್ಕ ಇಷ್ಟು ಸರಳ. ಪಾದ್ರಿಗಳದು ತಿರುವುಮುರುವು: ಇಂಗ್ಲಿಷ್ ಕೊಡುತ್ತೇವೆ, ಅದರ ಜೊತೆ ದಿನಕ್ಕೊಂದು ಬೈಬಲ್ ಪಾಠ ಕೇಳಿಸಿಕೊಳ್ಳಿ. ಕಲ್ಕತ್ತೆಯಲ್ಲಿ ಅಲೆಕ್ಸಾಂಡರ್ ಡಫ್ 1830ರಲ್ಲೇ ಇಂಥ ವ್ಯಾಪಾರ ಶುರು ಮಾಡಿದ್ದರು. ಬಾಸೆಲ್‌ನವರ ಒಳಗೆ ಇದಕ್ಕೆ ತಕರಾರಿತ್ತು. ನೌಕರಿ ಹುಡುಕುವವರಿಗೆ ಇಂಗ್ಲಿಷ್ ಕಲಿಸಲು ಬಡ ಭಕ್ತರು ಕೊಟ್ಟ ಕಾಣಿಕೆ ಸುರಿಯಬೇಕೇ, ಅದನ್ನು ಹಳ್ಳಿಯ ಕನ್ನಡ ಶಾಲೆಗೆ ಹಾಕಬಾರದೇ ಎಂಬ ತಕರಾರು. ಮೌಲ್ಯ ಮತ್ತು ಮಾರುಕಟ್ಟೆಯ ಈ ಜಗ್ಗಾಟ ಇಂದಿಗೂ ಯಾವ ಶಾಲೆಯಲ್ಲಿ ಮುಗಿದಿದೆ, ಹೇಳಿ.

ಜಗ್ಗಾಟ ಹರಿದು ಬಿದ್ದದ್ದು ಮಂಗಳೂರಿನಲ್ಲಿ. ಅಲ್ಲಿನ ಇಂಗ್ಲಿಷ್ ಶಾಲೆಯನ್ನು ನಡೆಸುತ್ತಿದ್ದವರು ಹರ್ಮನ್ ಮೊಗ್ಲಿಂಗ್. ಧಾರವಾಡದಲ್ಲಿ ಕೆಲಕಾಲ ಇದ್ದು ಹೋದವರು, ಟ್ಯೂಬಿಂಗನ್ನಿನಲ್ಲಿ ಓದಿದವರು, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟವರು. 1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ, ಇನ್ನಿಬ್ಬರು ಬ್ರಾಹ್ಮಣ ಗೆಳೆಯರೊಂದಿಗೆ ದೀಕ್ಷಾಸ್ನಾನ ಪಡೆದರು. ಊರು ಹೊತ್ತಿ ಉರಿಯಿತು, ಶಾಲೆಯ ಬೆಂಚುಗಳು ಬರಿದಾದವು. ಕೌಂಡಿನ್ಯರು ಮುಂದೆ ಬಾಸೆಲ್‌ಗೇ ಹೋಗಿ ಓದಿ ಬಂದು ಪಾದ್ರಿಯಾದರು. ಸಂಸ್ಥಾಪಕರ ಕಣ್ಣಿನಲ್ಲಿ ಅದು ಶಾಲೆಯ ಅತಿ ದೊಡ್ಡ ಗೆಲುವು. ಮಗನನ್ನು ಕಳಕೊಂಡ ಮನೆಗಳ ಕಣ್ಣಿನಲ್ಲಿ ಹಾಡಹಗಲ ದರೋಡೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡದೆ ಈ ಶಾಲೆಗಳ ಕತೆ ಹೇಳಿದರೆ ಅದು ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯಾದೀತು, ಇತಿಹಾಸವಾಗದು.

ಈಗ ಧಾರವಾಡಕ್ಕೆ ಮರಳಬೇಕು. 1856ರ ಜೂನ್ ತಿಂಗಳು. ಧಾರವಾಡದ ಸರಕಾರಿ ಶಾಲೆಗೆ ಹುಡುಗನೊಬ್ಬ ಸೇರಲು ಬಂದ. ಜಾತಿಯಿಂದ ಮಹಾರ ಎಂದು ಸರಕಾರಿ ಕಾಗದ ಅವನನ್ನು ಗುರುತಿಸುತ್ತದೆ. ಶಾಲೆ ಸೇರಿಸಿಕೊಳ್ಳಲಿಲ್ಲ. ಅವನು ಸುಮ್ಮನೆ ಮನೆಗೆ ಹೋಗಿದ್ದರೆ ಇದು ದಿನನಿತ್ಯದ ಸಂಗತಿಯಾಗಿ ಮಣ್ಣಾಗುತ್ತಿತ್ತು. ಹೋಗಲಿಲ್ಲ, ಮುಂಬಯಿ ಸರಕಾರಕ್ಕೆ ಅರ್ಜಿ ಹಾಕಿದ. ಕಂಪನಿಯ ಆಳ್ವಿಕೆಯಲ್ಲಿ ದಂಗೆ ಸಿಡಿಯಲು ವರ್ಷವೂ ಉಳಿದಿರದ ಹೊತ್ತಿನಲ್ಲಿ, ಧಾರವಾಡದ ಹುಡುಗನೊಬ್ಬ ಸರಕಾರಕ್ಕೆ ಬರೆದು ಕೇಳುತ್ತಾನೆ: ನನ್ನನ್ನು ಯಾಕೆ ಒಳಗೆ ಬಿಡುವುದಿಲ್ಲ?

ಮುಂಬಯಿ ಸರಕಾರದ ಉತ್ತರ ಜಾಣತನದ್ದು. ಹುಡುಗನ ಪಕ್ಷದಲ್ಲಿ ನ್ಯಾಯವಿದೆ ಎಂದು ಒಪ್ಪಿಕೊಂಡಿತು. ಆದರೆ ಒಬ್ಬಿಬ್ಬರಿಗಾಗಿ ಶತಮಾನಗಳ ಪೂರ್ವಗ್ರಹಕ್ಕೆ ಕೈಹಾಕಿದರೆ ಉಳಿದವರೆಲ್ಲ ಶಾಲೆ ಬಿಟ್ಟು ಹೋಗುತ್ತಾರೆ, ಆದ್ದರಿಂದ ಆಗದು ಎಂದಿತು. ಕಾಗದ ಕಲ್ಕತ್ತೆಗೆ ಹೋಯಿತು. 1857ರ ಜನವರಿಯಲ್ಲಿ ಗವರ್ನರ್ ಜನರಲ್ಲರ ಕಡೆಯಿಂದ ಬಂದ ಮಾತು, ಬಂಗಾಳದ ಯಾವ ಸರಕಾರಿ ಶಾಲೆಯಲ್ಲೂ ಹೀಗೆ ನಿರಾಕರಿಸುತ್ತಿರಲಿಲ್ಲ ಎಂದು. ಕಾಗದ ಲಂಡನ್ನಿಗೂ ಹೋಯಿತು. 1858ರ ಏಪ್ರಿಲಿನಲ್ಲಿ ಕಂಪನಿಯ ನಿರ್ದೇಶಕರು, ಸರಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂದು ಬರೆದರು. ಅದರ ಮರು ತಿಂಗಳೇ ನಮ್ಮ ನವಲಗುಂದದ ನೆರೆಯ ನರಗುಂದದಲ್ಲಿ ಅಲ್ಲಿನ ಸಂಸ್ಥಾನಿಕ ಬಾಬಾಸಾಹೇಬ ಭಾವೆ ದಂಗೆಯೆದ್ದು, ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ನನ ತಲೆ ಬಿತ್ತು. ಅಂಥ ಹೊತ್ತಿನಲ್ಲಿ ಯಾವ ಕಲೆಕ್ಟರನಿಗೆ ಒಬ್ಬ ಹುಡುಗನ ಸಾಲಿಯ ಚಿಂತೆ? ಅದೇ ವರ್ಷ ನವೆಂಬರಿನಲ್ಲಿ ಬಂದ ರಾಣಿಯ ಘೋಷಣೆ, ಜನರ ಧರ್ಮದ ಸಂಗತಿಯಲ್ಲಿ ಸರಕಾರ ಕೈಹಾಕುವುದಿಲ್ಲ ಎಂದು ಮಾತು ಕೊಟ್ಟಿತು. ತತ್ತ್ವ ಕಾಗದದ ಮೇಲೆ ಉಳಿಯಿತು. 1882ರ ಹಂಟರ್ ಶಿಕ್ಷಣ ಆಯೋಗ ಈ ಪ್ರಕರಣವನ್ನು ಮತ್ತೆ ಎತ್ತಿತು. 1928ರಲ್ಲಿ ಸೈಮನ್ ಆಯೋಗದ ಮುಂದೆ ದಲಿತರ ಶಿಕ್ಷಣದ ಸ್ಥಿತಿ ವಿವರಿಸುವಾಗ ಅಂಬೇಡ್ಕರರು ಧಾರವಾಡದ ಈ ಹುಡುಗನನ್ನು ನೆನೆದರು.

ಪಾದ್ರಿಗಳ ಶಾಲೆಗೂ ಸರಕಾರಿ ಶಾಲೆಗೂ ಇದ್ದ ಅಂತರ ಇಲ್ಲಿ ಕಾಣುತ್ತದೆ. ಸರಕಾರ ತಟಸ್ಥ ಎಂದು ಹೇಳಿಕೊಂಡು ಬಾಗಿಲು ಮುಚ್ಚಬಹುದಿತ್ತು. ಪಾದ್ರಿಗಳಿಗೆ ಆ ನೆಪವಿರಲಿಲ್ಲ, ಅವರು ತಟಸ್ಥರೆಂದು ಹೇಳಿಕೊಂಡವರೇ ಅಲ್ಲ. ಜಾತಿಯ ವಿಷಯದಲ್ಲಿ ಬಾಸೆಲ್‌ನವರು ಬಲು ಬಿಗಿ. ತಮಿಳು ಸೀಮೆಯಲ್ಲಿ ಲೈಪ್ಸಿಗ್ ಮಿಶನ್ನಿನವರು ಚರ್ಚಿನ ಒಳಗೂ ಜಾತಿಗೆ ಒಂದಿಷ್ಟು ಸಡಿಲ ಬಿಟ್ಟಿದ್ದರು. ಬಾಸೆಲ್‌ನವರು ಬಿಡಲಿಲ್ಲ. ಕ್ರೈಸ್ತನಾದವನು ಎಲ್ಲರೊಂದಿಗೆ ಕೂತು ಉಣ್ಣಲೇಬೇಕು. ಹೀಗಾಗಿ ತರಗತಿಯಲ್ಲೂ ಯಾರ ಪಕ್ಕ ಯಾರು ಎಂಬುದು ಜಾತಿ ನೋಡಿ ನಿಶ್ಚಯವಾಗುವ ಸಂಗತಿಯಾಗಿ ಉಳಿಯಲಿಲ್ಲ. ಹಾಗೆಂದು ಎಲ್ಲವೂ ಸುಸೂತ್ರವಾಗಿತ್ತೆಂದಲ್ಲ. ಕೆಳಜಾತಿಯ ಹುಡುಗ ಬಂದು ಕೂತ ದಿನ ಮೇಲ್ಜಾತಿಯ ಹುಡುಗರು ದಫ್ತರ ಎತ್ತಿಕೊಂಡು ಎದ್ದುಹೋಗುವುದು ಈ ದೇಶದ ಮಿಶನ್ ಶಾಲೆಗಳ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುವ ದೃಶ್ಯ. ಎಷ್ಟೋ ಮಿಶನ್ನುಗಳು ಕೇರಿಯೊಳಗೇ ಬೇರೆ ಶಾಲೆ ತೆರೆದು ರಾಜಿ ಮಾಡಿಕೊಂಡವು. ಆದರೂ ತತ್ತ್ವವನ್ನು ಬೆಂಚಿನ ಮೇಲೆ ತಂದು ಕೂಡಿಸಲು ನೋಡಿದವರು ಅವರು.

ಇದಕ್ಕೂ ಮೊದಲೇ, 1854ರಲ್ಲಿ, ಚಾರ್ಲ್ಸ್ ವುಡ್‌ನ ಶಿಕ್ಷಣ ಆದೇಶ ಬಂದು ಖಾಸಗಿ ಶಾಲೆಗಳಿಗೂ ಸರಕಾರದ ಅನುದಾನ ಸಿಗುವಂತಾಯಿತು. ಅನುದಾನದ ಬೆನ್ನಿಗೆ ಇನ್ಸ್‌ಪೆಕ್ಟರ್ ಬಂದ. ಅವನಿಗೆ ಬೈಬಲ್ ಪಾಠ ಎಷ್ಟಾಯಿತು ಎಂಬುದು ಬೇಡ. ಹುಡುಗರಿಗೆ ಓದಲು ಬರುತ್ತದೋ, ಭಾಗಾಕಾರ ಬರುತ್ತದೋ ಎಂಬುದಷ್ಟೇ ಲೆಕ್ಕ. ಆತ್ಮದ ರಕ್ಷಣೆಗೆಂದು ಕಟ್ಟಿದ ಶಾಲೆ ಮೆಲ್ಲಗೆ ಪರೀಕ್ಷೆಯ ಫಲಿತಾಂಶದ ಶಾಲೆಯಾಗುತ್ತ ಹೋಯಿತು. ನನ್ನ ಎಣಿಕೆಯಲ್ಲಿ ಶಾಲೆಯ ಗುಣ ಬದಲಾದದ್ದು ಇಲ್ಲಿ, ಮತಾಂತರದ ಗದ್ದಲದಲ್ಲಿ ಅಲ್ಲ.

ಇಷ್ಟರ ನಡುವೆ, ಅವರು ಗುರಿಯಿಟ್ಟುಕೊಳ್ಳದ ಒಂದು ಕೆಲಸ ಆಗುತ್ತಿತ್ತು. ಆಗಿನ ಧಾರವಾಡದಲ್ಲಿ ಕಚೇರಿಯ ಕಾಗದ, ಶಾಲೆಯ ಪುಸ್ತಕ, ಸಭ್ಯಸ್ಥರ ಮಾತು ಎಲ್ಲದರಲ್ಲೂ ಮರಾಠಿಯದೇ ಮೇಲುಗೈ. ಸರಕಾರಿ ಶಿಕ್ಷಣದ ಒಳಗಿದ್ದು ಅದನ್ನು ಕನ್ನಡದ ಕಡೆ ತಿರುಗಿಸಿದವರು ರಸೆಲ್ ಸಾಹೇಬರು ಮತ್ತು ಡೆಪ್ಯುಟಿ ಚನ್ನಬಸಪ್ಪನವರು. ಪಾದ್ರಿಗಳಿಗೆ ಮರಾಠಿಯ ಹಂಗಿರಲಿಲ್ಲ. ರೈತ ಆಡುವ ಮಾತಿನಲ್ಲೇ ಸುವಾರ್ತೆ ಹೇಳಬೇಕು ಎಂಬುದೇ ಅವರ ನಿಯಮವಾದ್ದರಿಂದ, ಶಾಲೆಯ ಬುನಾದಿಗೆ ಕನ್ನಡವೇ ಬೇಕಾಯಿತು. ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸು ಆ ಪುಸ್ತಕಗಳನ್ನು ಅಚ್ಚು ಹಾಕಿತು.

ಪುಸ್ತಕ ಬರೆಯಲು ಕೂತವರು ಭಾಷೆಯೊಳಗೆ ಕಳೆದೇಹೋದರು. ಹುಬ್ಬಳ್ಳಿಯಲ್ಲಿದ್ದ ವುರ್ತ್ ಬಸವ ಪುರಾಣವನ್ನೂ ಚನ್ನಬಸವ ಪುರಾಣವನ್ನೂ ಇಂಗ್ಲಿಷಿಗೆ ಇಳಿಸಿದರು. 1868ರಲ್ಲಿ ಹಳಗನ್ನಡ ಕಾವ್ಯಗಳಿಂದ ಆಯ್ದು ‘ಪ್ರಾಕ್ಕಾವ್ಯಮಾಲಿಕೆ’ ಹೊರತಂದರು. ಯಾರನ್ನು ತಮ್ಮ ಧರ್ಮಕ್ಕೆ ಕರೆಯಲು ಬಂದಿದ್ದರೋ ಅವರ ಪುರಾಣವನ್ನೇ ಕೂತು ಅನುವಾದಿಸುವುದೆಂದರೆ ಎಂಥ ವಿಚಿತ್ರ ದುಡಿಮೆ. 1876ರಲ್ಲಿ ಝೀಗ್ಲರ್ ಅವರ ಇಂಗ್ಲಿಷ್-ಕನ್ನಡ ಶಾಲಾ ನಿಘಂಟು ಬಂತು.

ಇವರೆಲ್ಲರಿಗೂ ಮಿಗಿಲಾದವರು ಫರ್ಡಿನಾಂಡ್ ಕಿಟೆಲ್. 1853ರಲ್ಲಿ ಇಪ್ಪತ್ತೊಂದರ ಹರೆಯದಲ್ಲಿ ಬಂದ ಅವರ ಕಿವಿಗೆ ಮೊದಲು ಬಿದ್ದ ಕನ್ನಡ ಧಾರವಾಡ-ಹುಬ್ಬಳ್ಳಿಯ ಕನ್ನಡ. ಕನ್ನಡಿಗರ ಹಾಗೆಯೇ ಬದುಕಬೇಕೆಂಬ ಅವರ ಹಂಬಲ ಜೊತೆಯ ಪಾದ್ರಿಗಳಿಗೇ ಅತಿರೇಕವಾಗಿ ಕಂಡಿತು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’, 1875ರಲ್ಲಿ ನಾಗವರ್ಮನ ಛಂದಸ್ಸು, 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು. ಆ ನಿಘಂಟನ್ನು ಎಲ್ಲಿ ತೆರೆದರೂ ಕಾವ್ಯದ ಪಕ್ಕ ಗಾದೆ ಕೂತಿರುತ್ತದೆ, ಪಂಡಿತನ ಶಬ್ದದ ಬಗಲಲ್ಲಿ ಒಕ್ಕಲಿಗನ ಶಬ್ದ. ಶಾಲೆಯ ಬೆಂಚಿನ ಮೇಲೆ ಪೂರ್ತಿ ಆಗದೇಹೋದದ್ದು ನಿಘಂಟಿನ ಪುಟದಲ್ಲಿ ಆಗಿದೆ ಎನಿಸುತ್ತದೆ ನನಗೆ.

1876-77ರ ಬರ ಈ ಸೀಮೆಯನ್ನು ಹಿಂಡಿತು. ಮಿಶನ್ನು ಅನಾಥ ಮಕ್ಕಳನ್ನು ಎತ್ತಿಕೊಂಡಿತು. ಅನ್ನ, ಅಂಗಿ, ಅಕ್ಷರ, ಕಸುಬು, ಜೊತೆಗೆ ಹೊಸ ಧರ್ಮ. ‘ಹೊಟ್ಟೆಗಾಗಿ ಜಾತಿ ಕೆಟ್ಟರು’ ಎಂದು ಊರು ಆಡಿಕೊಂಡಿತು. ಆಡಿಕೊಂಡವರ ಕಣಜಗಳು ಆಗ ಯಾರಿಗೆ ತೆರೆದಿದ್ದವು ಎಂಬುದನ್ನೂ ಕೇಳಬೇಕಾಗುತ್ತದೆ.

ಆಮೇಲಿನದು ಬೇಗ ಹೇಳಬಹುದಾದ ಕತೆ. 1914ರಲ್ಲಿ ಮಹಾಯುದ್ಧ ಶುರುವಾದಾಗ ಜರ್ಮನ್ ಪಾದ್ರಿಗಳು ರಾತ್ರಿ ಬೆಳಗಾಗುವುದರಲ್ಲಿ ಶತ್ರು ದೇಶದವರಾದರು. ಅವರನ್ನು ಶಿಬಿರಗಳಲ್ಲಿ ಕೂಡಿಹಾಕಿ, ಆಮೇಲೆ ಹಡಗು ಹತ್ತಿಸಿದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಸಾಹೇಬರಿಲ್ಲದೆ ಶಾಲೆ ನಡೆದೀತೇ ಎಂಬ ಅನುಮಾನಕ್ಕೆ ಉತ್ತರ ಕೊಟ್ಟವರು ಇಲ್ಲಿನ ಮಾಸ್ತರರೇ. ಕ್ರೈಸ್ತರು, ಹಿಂದೂಗಳು, ಎಲ್ಲ ಕನ್ನಡದವರೇ. ಗಂಟೆ ಅದೇ ಹೊತ್ತಿಗೆ ಹೊಡೆಯಿತು. 1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿತು. ಈ ಕಡೆಯ ಬಾಸೆಲ್ ಮಿಶನ್ ಸಭೆಗಳೂ ಕ್ರಮೇಣ ಅದರಲ್ಲಿ ಕೂಡಿಕೊಂಡವು.

ಮೂರು ವರ್ಷದೊಳಗೆ ಸಂವಿಧಾನ ಬಂತು. ಅಲ್ಪಸಂಖ್ಯಾತರು ತಮ್ಮ ಶಾಲೆ ಕಟ್ಟಿ ನಡೆಸಬಹುದು ಎಂದಿತು 30ನೇ ವಿಧಿ. ಸರಕಾರದ ಅನುದಾನ ಪಡೆವ ಶಾಲೆಯಲ್ಲಿ ಒಪ್ಪಿಗೆಯಿಲ್ಲದೆ ಯಾರಿಗೂ ಧರ್ಮದ ಪಾಠ ಹೇರುವಂತಿಲ್ಲ ಎಂದಿತು 28ನೇದು. ಜಾತಿ, ಧರ್ಮ, ಭಾಷೆಯ ಕಾರಣಕ್ಕೆ ಅಂಥ ಶಾಲೆಯ ಬಾಗಿಲಲ್ಲಿ ಯಾರನ್ನೂ ತಡೆಯುವಂತಿಲ್ಲ ಎಂದಿತು 29ನೇದು. 1856ರ ಅರ್ಜಿಗೆ ಉತ್ತರ ಬರಲು ತೊಂಬತ್ತನಾಲ್ಕು ವರ್ಷ ಹಿಡಿಯಿತು.

ಹೋದ ವರ್ಷ ಮೊರಬದಲ್ಲಿ ನೆರೆಮನೆಯವರೊಬ್ಬರು ಮೊಮ್ಮಗಳ ಸಾಲಿಯ ಫಾರ್ಮು ತುಂಬಿಸಿಕೊಳ್ಳಲು ನನ್ನ ಕಡೆ ಬಂದಿದ್ದರು. ಕಟ್ಟೆಯ ಮೇಲೆ ಕೂತು ಒಂದೊಂದೇ ಓದಿ ಹೇಳಿದೆ. ಹೆಸರು, ಹುಟ್ಟಿದ ತಾರೀಖು, ತಾಯಿಯ ಹೆಸರು. ಜಾತಿ ಎಂಬ ಕಾಲಮ್ಮು ಬಂದಾಗ ಅವರು ಅನುಮಾನಿಸಲಿಲ್ಲ. “ಬರೀರಿ, ಸ್ಕಾಲರ್‌ಶಿಪ್ ಬರತೈತಿ” ಎಂದರು. ಬರೆದೆ. ಅದರ ಕೆಳಗೆ ವಾರ್ಷಿಕ ಫೀ ಎಂಬ ಸಾಲಿತ್ತು. ಅದನ್ನು ಓದಿದೆ. ಅವರು ಫಾರ್ಮನ್ನು ನನ್ನ ಕೈಯಿಂದ ತೆಗೆದುಕೊಂಡು, ಕನ್ನಡಕವಿಲ್ಲದ ಕಣ್ಣಿಗೆ ಹತ್ತಿರ ಹಿಡಿದು ಆ ಅಂಕಿಯನ್ನು ತಾವೇ ಇನ್ನೊಮ್ಮೆ ನೋಡಿದರು. ಆಮೇಲೆ ನಾಲ್ಕಾಗಿ ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು, “ಹೆಸರು ಎಷ್ಟಕ್ಕ ಹೋಗತೈತೋ ನೋಡ್ಕೊಂಡು ಬರತೇನ್ರಿ” ಎಂದು ಎದ್ದರು.